ಆಸಾಡಿಗೆ ಮಾಡಿಟ್ಟದ್ದು

ಆಶಾವಾದದ ಬಗ್ಗೆ ಮೈಕ್ ಹಿಡಿದು ಮಾತಾಡುವವರನ್ನು ಮೇ ತಿಂಗಳ ನಡುವಿನಲ್ಲಿ ಒಮ್ಮೆ ನಮ್ಮ ಕುಂದಾಪುರ ಕಡೆಯ ಯಾವುದಾದರೂ ಮನೆಯ ಅಂಗಳಕ್ಕೆ ಕರೆತಂದು ಬಿಡಬೇಕು. ಕಾಲಿಡಲು ಜಾಗ ಸಿಕ್ಕಿದರೆ ಅವರ ಪುಣ್ಯ. ಒಂದು ಮೂಲೆಯಲ್ಲಿ ಚಾಪೆ ತುಂಬ ಹಲಸಿನ ಹಪ್ಪಳ, ಪಕ್ಕದಲ್ಲಿ ಹಳೆಯ ಸೀರೆಯ ಮೇಲೆ ಸಂಡಿಗೆ, ಅದರಾಚೆ ಗೆರಸಿಯಲ್ಲಿ ಮುರುಗಲ ಸಿಪ್ಪೆ. ಮೀನು ತಿನ್ನುವ ಮನೆಯಾದರೆ ಒಣ ಸೆಟ್ಲಿಯ ವಾಸನೆ ಗೇಟಿನಲ್ಲೇ ಬಂದು ಕೈ ಹಿಡಿಯುತ್ತದೆ. ಕಾಗೆ ಹೆದರಲಿ ಎಂದು ಬಿಚ್ಚಿಟ್ಟ ಕಪ್ಪು ಕೊಡೆ. ಕೊಡೆಗೆ ಕಾಗೆ ಹೆದರುವುದಿಲ್ಲ ಎಂದು ಗೊತ್ತಿರುವುದರಿಂದ ಕೋಲು ಹಿಡಿದು ಕೂತ ಒಬ್ಬ ಹುಡುಗ. ಅವನೇ ಗಂಟೆಗೊಂದು ಹಸಿ ಹಪ್ಪಳ ಕದ್ದು ತಿನ್ನುತ್ತಾನೆ ಎಂಬುದು ಕಾಗೆಗೂ ಗೊತ್ತು, ಮನೆಯವರಿಗೂ ಗೊತ್ತು. ಹಿತ್ತಲಲ್ಲಿ ಸೌದೆ ಒಡೆಯುವ ಸದ್ದು. ಜಗಲಿಯ ಬದಿಯಲ್ಲಿ ಎರಚಲಿಗೆ ಅಡ್ಡ ಕಟ್ಟಲು ಹೆಣೆದಿಟ್ಟ ತೆಂಗಿನ ಮಡಲು. ಈಚೆಗೆ ಆ ಜಾಗಕ್ಕೆ ನೀಲಿ ಟಾರ್ಪಾಲು ಬಂದಿದೆ. ಒಳಗೆ ಭರಣಿಯಲ್ಲಿ ಉಪ್ಪಿಗೆ ಬಿದ್ದ ಮಾವಿನ ಮಿಡಿ, ಇನ್ನೊಂದರಲ್ಲಿ ಹಲಸಿನ ಸೊಳೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯಬೇಕು. ನಟ್ಟ ನಡುವೆ ಕೂತದ್ದು ಆಸಾಡಿ. ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗಿನ ಆ ತಿಂಗಳಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ಮದುಮಗಳು ತವರಿನಲ್ಲಿ, ದೋಣಿ ದಡದಲ್ಲಿ, ಯಕ್ಷಗಾನದ ವೇಷ ಪೆಟ್ಟಿಗೆಯೊಳಗೆ. ಹಿಂದೆಲ್ಲ ಅಕ್ಕಿಯೂ ಪೆಟ್ಟಿಗೆಯ ತಳ ಮುಟ್ಟಿರುತ್ತಿತ್ತು. ಹಳೆ ಬೆಳೆ ಮುಗಿದು, ಹೊಸತು ಇನ್ನೂ ಗದ್ದೆಯಲ್ಲಿ ಹಸಿರಾಗಿ ನಿಂತಿರುವ ಹೊತ್ತು ಅದು. ಬಡವರ ಮನೆಯಲ್ಲಿ ಚಗಟೆ ಸೊಪ್ಪು, ಕೆಸು, ಕಳಲೆ, ತೆಳ್ಳಗಿನ ಗಂಜಿ. ಈಗ ಪಡಿತರದ ಅಕ್ಕಿ ಇದೆ, ಊರೂರಿಗೆ ಸೂಪರ್ ಮಾರ್ಕೆಟ್ ಇದೆ, ಹಪ್ಪಳ ಪ್ಯಾಕೆಟಿನಲ್ಲಿ ಸಿಗುತ್ತದೆ. ಆದರೂ ಮೇ ಬಂದರೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಯಾಕೆ ಎಂದು ಕೇಳಿ ನೋಡಿ: “ಮಳೆಗಾಲಕ್ಕೆ ಬೇಕಲ್ದಾ?” ಇಷ್ಟೇ ಉತ್ತರ. ಇದರಲ್ಲಿ ಆಶಾವಾದ ಎಲ್ಲಿ ಬಂತು ಎಂದು ಅವರೇ ತಿರುಗಿ ಕೇಳಿಯಾರು.

ನಾನು ಕಂಡ ನಿಜವಾದ ಆಶಾವಾದ ಇದೊಂದೇ. ಮಳೆ ಈ ಸಲ ಕಡಿಮೆಯಾದೀತು, ಎಲ್ಲ ಒಳ್ಳೆಯದೇ ಆದೀತು ಎಂದು ಅಂದುಕೊಂಡವನು ಹಪ್ಪಳ ಒಣಗಿಸುವುದಿಲ್ಲ. ಮಳೆ ಬಂದೇ ಬರುತ್ತದೆ, ಕೆಟ್ಟದಾಗಿಯೇ ಬರುತ್ತದೆ, ಆದರೆ ಒಂದು ದಿನ ನಿಲ್ಲುತ್ತದೆ, ಅಲ್ಲಿಯವರೆಗೆ ದಾಟಬೇಕು ಎಂದು ಲೆಕ್ಕ ಹಾಕಿದವಳು ಒಣಗಿಸುತ್ತಾಳೆ. ಅದಕ್ಕೆ ಉಲ್ಲಾಸ ಬೇಕಿಲ್ಲ. ಬೈದುಕೊಳ್ಳುತ್ತಲೇ ಮಾಡಬಹುದು. ನಮ್ಮ ಅಮ್ಮಮ್ಮ ಮಾಡುತ್ತಿದ್ದದ್ದೂ ಹಾಗೆಯೇ. ಸೊಂಟ ಹಿಡಿದುಕೊಂಡು, ಬಿಸಿಲಿಗೆ ಬೈದು, ಕಾಗೆಗೆ ಬೈದು, ನಮಗೆ ಬೈದು.

ಅಮ್ಮಮ್ಮನ ಅಡುಗೆಮನೆಯ ಅಟ್ಟದಲ್ಲಿ, ಒಲೆಯ ನೇರಕ್ಕೆ, ಬೀಜದ ಮುಡಿ ಇರುತ್ತಿತ್ತು. ಮುಡಿ ಕಟ್ಟುವುದನ್ನು ಈಗಿನ ಮಕ್ಕಳು ಜಾನಪದ ವಸ್ತು ಪ್ರದರ್ಶನದಲ್ಲಿ ನೋಡುತ್ತಾರೆ. ಒಣ ಬೈಹುಲ್ಲನ್ನು ಒಂದೇ ಉದ್ದಕ್ಕೆ ಸವರಿ, ಬುಡ ಸೇರಿಸಿ ಕಟ್ಟಿ, ತಲೆಯನ್ನು ಸುತ್ತಲೂ ಹರಡಿ ನಡುವೆ ಕುಳಿ ಮಾಡಬೇಕು. ಆ ಕುಳಿಗೆ ಭತ್ತ ಸುರಿಯುತ್ತ ಹೋದ ಹಾಗೆ ಹುಲ್ಲು ಮೇಲೇಳುತ್ತದೆ. ತುಂಬಿದ ಮೇಲೆ ಹುಲ್ಲಿನ ತುದಿಗಳನ್ನೆಲ್ಲ ಒಟ್ಟು ಸೇರಿಸಿ ಬಾಯಿ ಮುಚ್ಚಿ, ಹೊಸೆದ ಹುಲ್ಲಿನ ಬಳ್ಳಿಯನ್ನು ಸುತ್ತಿ ಸುತ್ತಿ ಬಿಗಿಯಬೇಕು. ಒಬ್ಬ ಕಾಲಿನಿಂದ ಒತ್ತಿ ಬಳ್ಳಿ ಎಳೆದರೆ ಇನ್ನೊಬ್ಬ ಮರದ ಕೊಡತಿಯಿಂದ ಬಡಿದು ಉರುಟು ಮಾಡುತ್ತಾನೆ. ಸರಿಯಾಗಿ ಕಟ್ಟಿದ ಮುಡಿಯನ್ನು ಜಗಲಿಯಿಂದ ಅಂಗಳಕ್ಕೆ ಉರುಳಿಸಿದರೂ ಒಂದು ಕಾಳು ಹೊರಗೆ ಬೀಳಬಾರದು. ಒಲೆಯ ಹೊಗೆ ತಾಗಿ ತಾಗಿ ಅದು ಕಪ್ಪಾಗುತ್ತದೆ, ಹುಳ ಹತ್ತಿರ ಸುಳಿಯುವುದಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅದನ್ನು ಇಳಿಸಿ, ಮುಡಿಯನ್ನು ಮುಡಿಯಾಗಿಯೇ ಕೆರೆಯಲ್ಲಿ ಮುಳುಗಿಸಿ, ತೆಗೆದು, ನೀರಿಳಿಸಿ, ಮೇಲೆ ಭಾರ ಹೇರಿ ಇಟ್ಟರೆ ಒಳಗೇ ಮೊಳಕೆ ಬರುತ್ತದೆ. ಆಮೇಲೆ ಅಗೆ ಹಾಕುವುದು, ನೆಟ್ಟಿ, ಉಳಿದದ್ದೆಲ್ಲ.

ಈ ಮುಡಿಯ ವಿಷಯದಲ್ಲಿ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎಷ್ಟೇ ಕಷ್ಟ ಬಂದರೂ ಅದಕ್ಕೆ ಕೈ ಹಾಕುವಂತಿಲ್ಲ. ಅಮ್ಮಮ್ಮ ಹೇಳುತ್ತಿದ್ದ ಕಥೆ ಗೇಣಿ ಕಾಲದ್ದು. ಸುಗ್ಗಿ ಆಯಿತೆಂದರೆ ಮೊದಲು ಧಣಿಗಳ ಗೇಣಿ ಅಳೆದು ಕೊಡಬೇಕು, ಮತ್ತೆ ಬೀಜಕ್ಕೆ ತೆಗೆದಿಡಬೇಕು, ಉಳಿದದ್ದು ಹೊಟ್ಟೆಗೆ. ಒಂದು ಆಸಾಡಿಯಲ್ಲಿ ಅಕ್ಕಿ ಪೂರ್ತಿ ಮುಗಿದು, ನೆಟ್ಟಿಯಾದ ಗದ್ದೆಯ ಒಂದು ಭಾಗ ನೆರೆಯಲ್ಲಿ ಕೊಳೆತು ಹೋಯಿತಂತೆ. ಮತ್ತೆ ಅಗೆ ಹಾಕಲು ಎಂದು ಅರ್ಧ ಮುಡಿ ಅಟ್ಟದಲ್ಲಿ ಉಳಿಸಿದ್ದರು. ನಮ್ಮ ಚಿಕ್ಕಯ್ಯ ಆಗ ಹುಡುಗ, ಹಸಿವೆಯ ಹುಡುಗ. ಮನೆಯಲ್ಲಿ ಭತ್ತ ಇಟ್ಟುಕೊಂಡು ಉಪವಾಸ ಕೂರುವುದು ಯಾವ ಬುದ್ಧಿವಂತಿಕೆ ಎಂದು ಜಗಳ ತೆಗೆದನಂತೆ. ತರ್ಕದಲ್ಲಿ ತಪ್ಪಿಲ್ಲ. ನಾನೂ ಚಿಕ್ಕವನಿದ್ದಾಗ ಅದನ್ನೇ ಕೇಳಿದೆ: ಅರ್ಧ ಮುಡಿ ಇತ್ತಲ್ಲ ಅಮ್ಮಮ್ಮ? “ಅದ್ ಲೆಕ್ಕಕ್ಕಿಲ್ಲೆ ಮಗಾ” ಎಂದು ಅವಳು ಎಲೆಯಡಿಕೆಗೆ ಸುಣ್ಣ ಹಚ್ಚಿದಳು. ಮನೆಯಲ್ಲಿ ಭತ್ತ ಇದೆ, ಆದರೆ ಲೆಕ್ಕಕ್ಕಿಲ್ಲ. ಬ್ಯಾಂಕಿನವರು ಒಪ್ಪುವ ಲೆಕ್ಕವಲ್ಲ ಇದು. ಆ ವರ್ಷ ಎರಡನೇ ಸಲ ಅಗೆ ಹಾಕಿದರು. ಬೆಳೆ ಚೆನ್ನಾಗಿ ಬಂತೇ ಎಂದರೆ, ಹಾಗೇನೂ ಇಲ್ಲ, ಸುಮಾರಾಗಿ ಬಂತು, ಮುಂದಿನ ವರ್ಷಕ್ಕೆ ಬೀಜವಾಯಿತು ಎನ್ನುತ್ತಿದ್ದಳು. ಕಥೆಯನ್ನು ಸಿಹಿಯಾಗಿ ಮುಗಿಸುವ ಅಭ್ಯಾಸ ಅವಳಿಗೆ ಇರಲಿಲ್ಲ.

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಒಕ್ಕಲುಗಳೆಲ್ಲ ಡಿಕ್ಲರೇಷನ್ ಕೊಡುವ ಕಾಲ ಬಂದಾಗಲೂ ಇದೇ ಗುಣ ಕೆಲಸಕ್ಕೆ ಬಂದದ್ದು ಎಂದು ನನಗೆ ಗುಮಾನಿ. ಗೇಣಿ ರಸೀದಿಯ ಚೂರು, ಯಾವುದೋ ಕಾಲದ ಚೀಟಿ, ಪಟ್ಟಿ, ಎಲ್ಲವನ್ನೂ ಓದಲು ಬಾರದಿದ್ದರೂ ಟ್ರಂಕಿನ ತಳದಲ್ಲಿ ಹಾಕಿಟ್ಟವರ ಅರ್ಜಿ ಭೂ ನ್ಯಾಯಮಂಡಳಿಯ ಎದುರು ನಿಂತಿತು. ಕಾನೂನು ಬರುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಎಂದಾದರೂ ಬೇಕಾದೀತು ಎಂದು ಇಟ್ಟದ್ದು, ಅಷ್ಟೆ.

ಇಂಥದ್ದನ್ನೆಲ್ಲ ಅಳೆಯಬಹುದು ಎಂದವರೂ ಇದ್ದಾರೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಸಿ. ಆರ್. ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞ ಇದ್ದರು. 1991ರಲ್ಲಿ ಅವರೂ ಸಂಗಡಿಗರೂ ಸೇರಿ ಭರವಸೆಗೊಂದು ಅಳತೆಗೋಲು ಮಾಡಿದರು. ಅವರ ಪ್ರಕಾರ ಭರವಸೆ ಎಂದರೆ ಬರೀ ಭಾವನೆಯಲ್ಲ. ಒಂದು ಗುರಿ ಇರಬೇಕು. ಅಲ್ಲಿಗೆ ಹೋಗುವ ದಾರಿಗಳನ್ನು, ಒಂದು ಮುಚ್ಚಿದರೆ ಇನ್ನೊಂದು ಎಂಬಂತೆ, ಹುಡುಕುವ ಬುದ್ಧಿ ಇರಬೇಕು. ಆ ದಾರಿಯಲ್ಲಿ ನಡೆಯುತ್ತೇನೆಂಬ ಗಟ್ಟಿತನ ಇರಬೇಕು. ಕಲಿತರೆ ಬರುತ್ತದೆ, ಕಲಿಸಲೂಬಹುದು ಎಂಬುದು ಅವರ ವಾದ. ಅವರ ಪಟ್ಟಿಯಲ್ಲಿ ಹನ್ನೆರಡು ಹೇಳಿಕೆಗಳಿವೆ. ನಾಲ್ಕು ದಾರಿಯ ಕುರಿತು, ನಾಲ್ಕು ಗಟ್ಟಿತನದ ಕುರಿತು, ಉಳಿದ ನಾಲ್ಕು ಸುಮ್ಮನೆ ತುಂಬಿಸಲು ಹಾಕಿದ್ದು, ಅದಕ್ಕೆ ಅಂಕವಿಲ್ಲ. ಎಲ್ಲ ಕೂಡುಕುಟುಂಬದಲ್ಲೂ ಲೆಕ್ಕಕ್ಕಿಲ್ಲದವರು ನಾಲ್ಕು ಮಂದಿ ಇರುತ್ತಾರೆ, ಹಾಗಾಗಿ ಈ ಪಟ್ಟಿ ನನಗೆ ಮೊದಲ ನೋಟಕ್ಕೇ ನಂಬಿಕೆ ಹುಟ್ಟಿಸಿತು. ಸ್ನೈಡರ್ ಅವರ ಮಾತಿಗೆ ನಮ್ಮ ಕಡೆಯಿಂದ ಸೇರಿಸುವುದು ಒಂದಿದೆ: ದಾರಿಯನ್ನು ಕಷ್ಟ ಬಂದ ಮೇಲೆ ಹುಡುಕಲು ಹೊರಟರೆ ತಡವಾಯಿತು. ಬೇಸಿಗೆಯಲ್ಲೇ ಹುಡುಕಿಡಬೇಕು.

ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಮಾಡಿದ್ದೂ ಅದನ್ನೇ. ನಮ್ಮಲ್ಲಿ ಮುಂಗಾರಿನ ಗದ್ದೆಗೆ ಬಹುಕಾಲದಿಂದ ಎಂಒ-4 ಭತ್ತವೇ ಗತಿ. ಕೇರಳದ ಮೊಂಕೊಂಬುವಿನಿಂದ ಬಂದ ಕೆಂಪಕ್ಕಿ ತಳಿ. ತಗ್ಗಿನ ಬೈಲು ಗದ್ದೆಗಳಿಗೆ ನೆರೆಯ ಕಾಟ ತಪ್ಪಿದ್ದಲ್ಲ. ಸೌಪರ್ಣಿಕೆ ತುಂಬಿದರೆ ನಾವುಂದದ ಸಾಲ್ಬುಡ, ನಾಡ, ಬಡಾಕೆರೆಯ ಕಡೆ ಗದ್ದೆ ಯಾವುದು ಹೊಳೆ ಯಾವುದು ಎಂದು ಗುರುತು ಸಿಗುವುದಿಲ್ಲ. ಮನೆಯಿಂದ ರಸ್ತೆಗೆ ದೋಣಿಯಲ್ಲೇ ಬರಬೇಕು. ಸೀತಾ ನದಿ ಉಕ್ಕಿದರೆ ನೀಲಾವರದ ಕಡೆಯೂ ಅದೇ ಪಾಡು. ಇಂಥ ಗದ್ದೆಗೆಂದೇ ಬ್ರಹ್ಮಾವರದಲ್ಲಿ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿ ತಳಿಯನ್ನು ಬೆಳೆಸಿ ಹೊರಗೆ ಬಿಟ್ಟಿದ್ದಾರೆ. ವಾರದ ಮೇಲೆ ನೀರು ನಿಂತರೂ ಅದು ಸಾಯುವುದಿಲ್ಲ.

ಭತ್ತದ ಸಸಿ ಮುಳುಗಿದಾಗ ನೀರಿನಡಿ ಏನಾಗುತ್ತದೆ ಎಂದು ಓದಿ ನಾನು ಬೆರಗಾದೆ. ಸಾಮಾನ್ಯ ಭತ್ತ ಮುಳುಗಿದ ಕೂಡಲೇ ಗಾಬರಿ ಬೀಳುತ್ತದೆ. ಹೇಗಾದರೂ ತಲೆ ಹೊರಗೆ ಹಾಕಬೇಕೆಂದು ಇದ್ದಬದ್ದ ಹಿಟ್ಟಿನಂಶವನ್ನೆಲ್ಲ ಖರ್ಚು ಮಾಡಿ ಸರಸರ ಉದ್ದವಾಗುತ್ತದೆ. ನೀರು ಇಳಿದಾಗ ಬರೀ ಉದ್ದ, ತ್ರಾಣವಿಲ್ಲ, ನೆಲಕ್ಕೆ ಮಲಗಿ ಕೊಳೆಯುತ್ತದೆ. ಒಡಿಶಾದ ಎಫ್‌ಆರ್‌13ಎ ಎಂಬ ಹಳೆಯ ತಳಿ ಹಾಗೆ ಮಾಡುವುದಿಲ್ಲ. ಮುಳುಗಿದ ಕೂಡಲೇ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಇದ್ದದ್ದನ್ನು ಉಳಿಸಿಕೊಂಡು ಅಲ್ಲಾಡದೆ ಕೂರುತ್ತದೆ, ನೀರಿಳಿದ ಮೇಲೆ ಆ ಉಳಿಕೆಯಿಂದ ಮತ್ತೆ ಚಿಗುರುತ್ತದೆ. ಹೀಗೆ ಕೂರಿಸುವ ವಂಶವಾಹಿಯನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ‘ಸಬ್-1’ ಎಂದು ಅದರ ಹೆಸರು. 2009ರಲ್ಲಿ ಅದನ್ನು ಸೇರಿಸಿದ ‘ಸ್ವರ್ಣ ಸಬ್-1’ ನಮ್ಮ ದೇಶದ ರೈತರ ಕೈಗೆ ಬಂತು. ಇನ್ನೊಂದು ಜಾತಿಯ ಭತ್ತವೂ ಇದೆ, ಆಳ ನೀರಿನದು. ನೀರು ಏರಿದ ಹಾಗೆ ಅದೂ ಮೀಟರುಗಟ್ಟಲೆ ಏರುತ್ತದೆ, ಬದುಕುತ್ತದೆ. ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಉದ್ದವಾಗುವುದು ಸರಿ. ಎಂಟು ಹತ್ತು ದಿನದಲ್ಲಿ ಇಳಿಯುವ ನೆರೆಗೆ ಕೂತಿರುವುದು ಸರಿ. ಯಾವ ನೀರು ಎಂದು ತಿಳಿಯುವುದರಲ್ಲಿದೆ ಎಲ್ಲ. ಭತ್ತಕ್ಕೆ ವಂಶವಾಹಿ ಹೇಳಿಕೊಡುತ್ತದೆ, ನಮಗೆ ಆ ಅನುಕೂಲ ಇಲ್ಲ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿದ್ದಾಗ ಮುಂಬಯಿಯ ಹೋಟೆಲುಗಳ ಶಟರ್ ಒಟ್ಟಿಗೇ ಕೆಳಗೆ ಬಂತು. ಆ ಶಟರಿನ ಹಿಂದೆ ಕುಂದಾಪುರ, ಬೈಂದೂರು ಕಡೆಯ ಎಷ್ಟು ಮನೆಯ ದುಡಿಮೆ ಇತ್ತೆಂದರೆ, ಅಲ್ಲಿ ಒಲೆ ಆರಿದರೆ ಇಲ್ಲಿ ಒಲೆ ಆರುತ್ತದೆ. ಮೇ ತಿಂಗಳಲ್ಲಿ ಬಸ್ಸು, ಕಾರು ಮಾಡಿಕೊಂಡು ಜನ ಊರಿಗೆ ಬಂದರು. ತಾವು ಕಲಿತ ಶಾಲೆಯ ಕೋಣೆಯಲ್ಲೇ ಕ್ವಾರಂಟೈನ್. ಹೊರಗೆ ಕಿಟಕಿಯ ಆಚೆ ತಾಯಿ ಬುತ್ತಿ ಹಿಡಿದು ನಿಂತರೆ ಒಳಗಿನಿಂದ ಮಗ “ನೀ ಹತ್ರ ಬರ್ಬೇಡ ಅಬ್ಬಿ” ಎನ್ನಬೇಕು. ಊರಿನವರೂ ಎಲ್ಲರೂ ಪ್ರೀತಿಯಿಂದ ಬರಮಾಡಿಕೊಂಡರು ಎಂದೇನಲ್ಲ; ವರ್ಷ ವರ್ಷ ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರ ದುಡ್ಡು ತೆಗೆದುಕೊಂಡವರೇ ಆ ತಿಂಗಳು ಅವರ ನೆರಳು ಕಂಡರೆ ಬಾಗಿಲು ಹಾಕಿದರು.

ನನ್ನ ಬಳಗದಲ್ಲೇ ಆಗ ಇಬ್ಬರು ಬಂದಿದ್ದರು. ಒಬ್ಬ ಕ್ವಾರಂಟೈನ್ ಮುಗಿದ ವಾರಕ್ಕೇ ಸಾಲ ಮಾಡಿ ಊರಿನಲ್ಲಿ ಬೇಕರಿ ಹಾಕಿದ, ಅದರೊಟ್ಟಿಗೆ ಕೋಳಿಫಾರಂ, ಅದರೊಟ್ಟಿಗೆ ಆನ್‌ಲೈನ್ ವ್ಯಾಪಾರ. ಉದ್ದವಾಗುವ ಭತ್ತ. ಇನ್ನೊಬ್ಬ ಏನೂ ಮಾಡಲಿಲ್ಲ ಎಂದು ಹೆಂಡತಿಯ ಕಡೆಯವರೆಲ್ಲ ದೂರಿದರು. ಅವನು ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಅಪ್ಪಯ್ಯನ ಗದ್ದೆಯನ್ನು ಉತ್ತ, ಮುಂಬಯಿಯ ಮಾಲಿಕರಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ಕ್ಷೇಮ ವಿಚಾರಿಸಿದ, ಖರ್ಚು ಕಡಿಮೆ ಮಾಡಿದ, ಸಂಜೆ ವಾಲಿಬಾಲ್ ಆಡಿದ. ಹೋಟೆಲು ಬಾಗಿಲು ತೆಗೆದಾಗ ಮೊದಲ ಕರೆ ಅವನಿಗೆ ಬಂತು. ಇದನ್ನು ಹೇಳಿ ಮೊದಲನೆಯವನನ್ನು ಹಾಸ್ಯ ಮಾಡುವುದು ಸುಲಭ, ಆದರೆ ಅವನ ಬೇಕರಿ ಈಗಲೂ ನಡೆಯುತ್ತಿದೆ, ಕೋಳಿಫಾರಂ ಮಾತ್ರ ಇಲ್ಲ. ಮರುವರ್ಷ, 2021ರಲ್ಲಿ, ಕೇದಾರೋತ್ಥಾನ ಟ್ರಸ್ಟಿನವರು ಬ್ರಹ್ಮಾವರ, ಉಡುಪಿ ಕಡೆಯ ಹಡಿಲು ಗದ್ದೆಗಳನ್ನೆಲ್ಲ ಹುಡುಕಿ ಹುಡುಕಿ ಬೇಸಾಯ ಮಾಡಿಸಿದರು. ಆ ಅಕ್ಕಿ ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನಲ್ಲಿ ಅಂಗಡಿಗೂ ಬಂತು. ವರ್ಷಾನುಗಟ್ಟಲೆ ಬರೀ ಹುಲ್ಲು, ಲಂಟಾನ ಕಂಡ ಕಣ್ಣಿಗೆ ಅಲ್ಲಿ ನೇಗಿಲಿನ ಗೆರೆ, ಅಲ್ಲ, ಟಿಲ್ಲರಿನ ಗೆರೆ ಕಂಡದ್ದೇ ಒಂದು ಸಂಗತಿ.

ಕಡಲಿನವರ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಮೀನಿನ ಸಂತಾನದ ಕಾಲ, ಕಾನೂನು ಇದೆ. ಗಂಗೊಳ್ಳಿಯ ಬಂದರಿನಲ್ಲಿ, ಹಂಗಾರಕಟ್ಟೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಹೊರರಾಜ್ಯದ ಕೆಲಸಗಾರರು ಊರಿಗೆ ರೈಲು ಹತ್ತುತ್ತಾರೆ. ಶೆಡ್ಡಿನೊಳಗೆ ಬಲೆ ರಾಶಿ ಬೀಳುತ್ತದೆ. ಬಲೆ ಸೂಜಿ ಹಿಡಿದು ಹರಿದ ಕಣ್ಣುಗಳನ್ನು ಹುಡುಕಿ ಹೊಲಿಯುವ ಕೆಲಸ ನೋಡಲು ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಹಿರಿಯರು ಬಲೆಯನ್ನು ನೋಡುವುದೇ ಇಲ್ಲ, ಕಾಲಿನ ಹೆಬ್ಬೆರಳಿಗೆ ಒಂದು ಕಣ್ಣು ಸಿಕ್ಕಿಸಿ ಬಿಗಿ ಹಿಡಿದು, ಬೆರಳಿನಲ್ಲೇ ತೂತು ತಡಕಿ, ಬಾಯಲ್ಲಿ ಊರಿನ ರಾಜಕೀಯ ಮಾತಾಡುತ್ತ ಹೊಲಿಯುತ್ತಾರೆ.

ಈ 61 ದಿನದಲ್ಲೂ ಕಡಲಿಗೆ ಇಳಿಯಬಹುದಾದವರು ನಾಡದೋಣಿಯವರು. ಅವರು ಕಾಯುವುದು ಕಡಲು ಶಾಂತವಾಗಲಿ ಎಂದಲ್ಲ, ಮೊದಲು ಒಂದು ತೂಫಾನ್ ಆಗಲಿ ಎಂದು. ಕಡಲು ಒಮ್ಮೆ ತಳದಿಂದ ಏಳಬೇಕು, ಕೆಸರು ಕಲಕಿ ನೀರು ಕೆಂಪಾಗಬೇಕು, ಆಗ ಮೀನಿನ ಮೇವು ಮೇಲೆ ಬಂದು ಮೀನು ದಡದ ಹತ್ತಿರಕ್ಕೆ ಬರುತ್ತದೆ. ತೂಫಾನ್ ಆಗದೆ ಮಳೆಗಾಲದ ಕಡಲಿಗೆ ದೋಣಿ ಇಳಿಸಿದರೆ ಸೀಮೆಎಣ್ಣೆ ದಂಡ. ಒಂದು ಜೂನಿನಲ್ಲಿ, ಮಳೆ ಬಂದೂ ಬಾರದ ಹಾಗಿದ್ದ ದಿನಗಳಲ್ಲಿ, ಮರವಂತೆಯ ತಡೆಗೋಡೆಯ ಕಲ್ಲಿನ ಮೇಲೆ ಕೂತಿದ್ದ ಒಬ್ಬರನ್ನು, ಏನಣ್ಣ, ಶುರುವಾಯಿತಾ ಎಂದು ಕೇಳಿದೆ.

“ತೂಫಾನ್ ಆಯ್ಲಿಲ್ಲ ಮಾರಾಯ್ರೆ. ಒಂದ್ಸಲ ಸಮಾ ಏಳ್ಲಿ, ಮತ್ತೆ ಕಾಂಬ.”

ಹೆದರಿಕೆ ಆಗುವುದಿಲ್ಲವೇ ಎಂದು ನಾನು ಪೇಟೆಯವರ ಪ್ರಶ್ನೆ ಕೇಳಿದೆ. ಆಚೆ ಕಡಲು, ಈಚೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆಯುವ ಆ ಚಂದದ ಜಾಗದಲ್ಲೇ ಕಡಲ್ಕೊರೆತ ತೆಂಗಿನ ಮರಗಳನ್ನು ಎಳೆದುಕೊಂಡು ಹೋಗಿದೆ. ಅವರು ನನ್ನನ್ನು ಒಮ್ಮೆ ನೋಡಿ, “ಹೆದ್ರಿಕಿ ಇಲ್ದಿದ್ದರ್ ಕಡ್ಲಿಗೆ ಹೋಪುಕಾಗ” ಎಂದರು. ಆಮೇಲೆ ಏನೇನು ಕೆಡಬಹುದು ಎಂಬುದನ್ನು ಒಂದೊಂದಾಗಿ ಹೇಳಿದರು: ಇಂಜಿನ್ ಕೈ ಕೊಡುವುದು, ಅಳಿವೆಯಲ್ಲಿ ಅಲೆ ಅಡ್ಡ ಬರುವುದು, ಬಲೆ ಬಂಡೆಗೆ ಸಿಕ್ಕುವುದು, ಮೀನು ಸಿಕ್ಕಿದ ದಿನವೇ ದರ ಬೀಳುವುದು. ಒಂದೊಂದಕ್ಕೂ ಅವರಲ್ಲಿ ಒಂದೊಂದು ಉತ್ತರ ಇತ್ತು, ಕೊನೆಯದಕ್ಕೆ ಮಾತ್ರ ಇರಲಿಲ್ಲ. ಅದಕ್ಕೆ ದೊಡ್ಡಕೆ ನಕ್ಕರು. ಕರ್ಕಾಟಕ ಅಮಾವಾಸ್ಯೆಗೆ ಅಲ್ಲೇ ವರಾಹಸ್ವಾಮಿ ದೇವಸ್ಥಾನದಲ್ಲಿ ಜಾತ್ರೆ, ಅಬ್ಬರಿಸುವ ಕಡಲಿನಲ್ಲೇ ಸ್ನಾನ, ಹೊಸ ಮದುಮಕ್ಕಳ ಸಾಲು. ಆಸಾಡಿಯ ತೀರ ಕೆಟ್ಟ ದಿನಗಳ ನಡುವೆ ಊರು ಹೊಸ ಬಟ್ಟೆ ಉಟ್ಟು ಅಲ್ಲಿಗೆ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿ ನಮ್ಮವರು ಭರವಸೆಯ ವಿಷಯದಲ್ಲಿ ಪಂಡಿತರು ಎಂದರೆ ನೀವು ನಂಬಬಾರದು. ಕೈಯಲ್ಲಿ ಮಾಡುವ ಕೆಲಸ ಏನೂ ಇಲ್ಲದ ಭರವಸೆಯೂ ನಮ್ಮಲ್ಲಿ ಬೇಕಾದಷ್ಟಿದೆ. ವಾರಾಹಿ ನೀರಾವರಿಗೆ 1979ರಲ್ಲಿ ಒಪ್ಪಿಗೆ ಸಿಕ್ಕಿತು. ಕಾಲುವೆಯಲ್ಲಿ ನೀರು ಹರಿಯುವಾಗ ಮೂರು ದಶಕ ದಾಟಿತ್ತು. ನೀರು ಬರುತ್ತದೆ ಎಂದು ಕೇಳುತ್ತ ಬೆಳೆದ ಹುಡುಗರು ಬೆಂಗಳೂರಿಗೆ ಹೋಗಿ, ದರ್ಶಿನಿ ಇಟ್ಟು, ಮಕ್ಕಳ ಮದುವೆಗೆ ತಯಾರಾಗಿದ್ದರು. ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರದ ಫ್ಲೈಓವರ್ ಅರ್ಧಂಬರ್ಧ ನಿಂತು ಎಷ್ಟು ವರ್ಷ ನಗೆಹನಿಗಳಿಗೆ ವಸ್ತುವಾಯಿತು ಎಂಬುದನ್ನು ಆ ಧೂಳು ಕುಡಿದವರೇ ಹೇಳಬೇಕು. ಇವೆಲ್ಲ ಕೊನೆಗೂ ಆದವು. ಅರ್ಜಿ ಬರೆದು, ಧರಣಿ ಕೂತು, ಕಚೇರಿಯ ಮೆಟ್ಟಿಲು ಸವೆಸಿದ ಕೆಲವರಿಂದ ಆದವು. ಉಳಿದ ನಾವು ಆದೀತು ಎಂದು ಪೇಪರ್ ಓದಿದೆವು. ಅವರದ್ದೂ ಭರವಸೆ, ನಮ್ಮದೂ ಭರವಸೆ ಎಂದು ಒಂದೇ ಹೆಸರಿನಿಂದ ಕರೆಯಲು ನನಗೆ ನಾಚಿಕೆಯಾಗುತ್ತದೆ.

ಒಬ್ಬನ ಮೇಲೇ ಎಲ್ಲ ಭಾರ ಹೊರಿಸಿ ಕೂರುವುದು ಇನ್ನೊಂದು ಬಗೆ. ಕೋಟದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಅದನ್ನು ಬಿಡಿಸಿಟ್ಟಿದ್ದಾರೆ. ಮಗ ಲಚ್ಚನ ಇಂಗ್ಲಿಷ್ ಓದಿನ ಮೇಲೆ ರಾಮ ಐತಾಳರು ಇಟ್ಟ ಆಸೆ ನೀರುಪಾಲಾಗುತ್ತದೆ. ಕೋಡಿ ಎಂಬ ಊರಿನ ಆ ಮನೆ ನಿಲ್ಲುವುದು ಪಾರೋತಿ, ಸರಸೋತಿ, ಮುಂದೆ ನಾಗವೇಣಿ ಎಂಬ ಹೆಂಗಸರ ಮೈಮುರಿ ದುಡಿತದ ಮೇಲೆ. ಅವರಲ್ಲಿ ಯಾರೂ ನಾಳೆಯ ಬಗ್ಗೆ ದೊಡ್ಡ ಮಾತಾಡುವವರಲ್ಲ. ಓದುವಾಗ ಲಚ್ಚನ ಮೇಲೆ ಸಿಟ್ಟು ಬರುವುದು ಸಹಜ. ನನಗೆ ಐತಾಳರ ಮೇಲೂ ಬರುತ್ತದೆ. ಈಗಿನ ನಮ್ಮ ಲಚ್ಚಂದಿರು ದುಬೈಗೋ ಟೊರಾಂಟೊಗೋ ಹೋಗಿ ಒಳ್ಳೆಯವರೇ ಆಗಿದ್ದಾರೆ, ಆ ಮಾತು ಬೇರೆ.

ಆಸಾಡಿ ಅಮಾವಾಸ್ಯೆಯಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಸುತ್ತಿದ್ದರು. ಆ ಕಹಿಯನ್ನು ಕುಡಿದವರಿಗೆ ಮಾತ್ರ ಗೊತ್ತು. ವರ್ಷವಿಡೀ ರೋಗ ಬಾರದು ಎಂಬ ನಂಬಿಕೆ. ಬರುತ್ತಿತ್ತು, ಬಂದಾಗ ಡಾಕ್ಟರ ಹತ್ತಿರವೂ ಹೋಗುತ್ತಿದ್ದೆವು. ಇದನ್ನು ಯಾಕೆ ಹೇಳಿದೆನೆಂದರೆ, ಮನಸ್ಸು ನಿಜವಾಗಿ ಕಾಯಿಲೆ ಬಿದ್ದವರಿಗೆ ಹಪ್ಪಳ, ಮುಡಿಯ ಕಥೆ ಹೇಳಿ ಧೈರ್ಯ ತಕ್ಕೊ ಎನ್ನುವವರನ್ನು ನಾನು ಕಂಡಿದ್ದೇನೆ. ಅಲ್ಲಿ ವೈದ್ಯರೇ ಬೇಕು. ಧೈರ್ಯ ಹೇಳುವವರು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಿಕ್ಷಾ ಹಿಡಿದರೆ ಅಷ್ಟೇ ಸಾಕು.

ಇನ್ನು ಮಂದಾರ್ತಿಯ ಸಂಗತಿ ಹೇಳಿಬಿಡುತ್ತೇನೆ. ಬ್ರಹ್ಮಾವರ ತಾಲೂಕಿನ ಮಂದಾರ್ತಿ ದುರ್ಗಾಪರಮೇಶ್ವರಿ ದೇವಸ್ಥಾನದಿಂದ ಐದು ಯಕ್ಷಗಾನ ಮೇಳ ಹೊರಡುತ್ತದೆ. ನವೆಂಬರಿನ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ರಾತ್ರಿ ರಾತ್ರಿ ಐದು ಕಡೆ ಆಟ. ಎಲ್ಲವೂ ಹರಕೆಯ ಆಟ. ಮಗುವಿಗೆ ಕಾಯಿಲೆ ಗುಣವಾಗಲಿ, ವ್ಯಾಜ್ಯ ಮುಗಿಯಲಿ, ಹೊಸ ಹೋಟೆಲು ನಿಲ್ಲಲಿ, ಗಂಡ ಕುಡಿತ ಬಿಡಲಿ, ಹೀಗೆ ಹೇಳಿಕೊಂಡವರು ಆಡಿಸುವುದು. ಇಷ್ಟಿದ್ದರೂ ಸಾಲುವುದಿಲ್ಲ. ಇವತ್ತು ಹೋಗಿ ಹೆಸರು ಬರೆಸಿದರೆ ಸರದಿ ಬರುವುದು ಹತ್ತಿಪ್ಪತ್ತು ವರ್ಷದ ಮೇಲೆ. ಹೊರಗಿನವರಿಗೆ ಇದನ್ನು ಹೇಳಿದರೆ ತಮಾಷೆ ಮಾಡುತ್ತೇನೆ ಎಂದುಕೊಳ್ಳುತ್ತಾರೆ. ಅರವತ್ತೈದರ ಅಜ್ಜಯ್ಯ ಕೌಂಟರಿನಲ್ಲಿ ನಿಂತು ದುಡ್ಡು ಕಟ್ಟಿ, ರಸೀದಿಯನ್ನು ಮಡಚಿ, ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಆ ಆಟ ನೋಡಲು ತಾನಿರುತ್ತೇನೋ ಇಲ್ಲವೋ ಎಂಬ ಪ್ರಶ್ನೆ ಅವನಿಗೂ ಬಂದಿರುತ್ತದೆ. ಬಂದದ್ದನ್ನು ಅಲ್ಲಿಗೇ ಬಿಟ್ಟು ಅವನು ಕಡಲೆಕಾಯಿ ಕೊಳ್ಳುತ್ತಾನೆ.

ನಮ್ಮ ಹತ್ತಿರದ ಸಂಬಂಧಿಕರ ಮನೆಗೆ ಹೀಗೆ ಬರೆಸಿದ ಆಟದ ಸರದಿ ಬಂದಾಗ ಬರೆಸಿದ ಮಾವಯ್ಯ ಇರಲಿಲ್ಲ. ರಸೀದಿ ಮಾತ್ರ ಎಲ್‌ಐಸಿ ಬಾಂಡಿನ ಜತೆ ಇತ್ತು. ಯಾವ ಕಷ್ಟಕ್ಕೆ ಹರಕೆ ಹೇಳಿದ್ದು ಎಂಬುದೇ ಮಕ್ಕಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು, ಹೇಳಲಿಲ್ಲ. ಬೆಂಗಳೂರಿನಿಂದ, ಪುಣೆಯಿಂದ ರಜೆ ಹಾಕಿ ಎಲ್ಲರೂ ಬಂದರು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಎದ್ದಿತು, ಸಂಜೆಗೆ ಮೇಳದ ಗಣಪತಿಯ ಪೆಟ್ಟಿಗೆ ಬಂತು, ಚೌಕಿಯಲ್ಲಿ ಪೂಜೆ ಆಯಿತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಊಟದ ಪಂಕ್ತಿಯಲ್ಲಿ ಸಾರು ಬಡಿಸುವ ನೆಪದಲ್ಲಿ ಮಾತಾಡಿದರು. ಮಾತಾಡಿದ ಕೂಡಲೇ ಪಾಯಸಕ್ಕೆ ಬೆಲ್ಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮತ್ತೆ ಜಗಳ ಶುರುವಾಯಿತು. ಮಧ್ಯರಾತ್ರಿ ಮಹಿಷಾಸುರ ದೊಂದಿ ಹಿಡಿದು ಗದ್ದೆಯ ತುದಿಯಿಂದ ಕಿರುಚಿಕೊಂಡು ಬರುವಾಗ ಪುಣೆಯ ಮಗು ಹೆದರಿ ಅತ್ತೆಯ ಸೆರಗಿನೊಳಗೆ ಹೋಯಿತು.

ಆಟ ಮುಗಿದು, ಚಪ್ಪರ ಬಿಚ್ಚುವ ಮೊದಲೇ ಅತ್ತೆ ದೊಡ್ಡ ಮಗನನ್ನು ಕರೆದು ದುಡ್ಡು ಕೊಟ್ಟು, ಇನ್ನೊಂದು ಆಟಕ್ಕೆ ಈ ವಾರವೇ ಹೆಸರು ಬರೆಸಿ ಬಾ ಎಂದರು. ಅವನಿಗೆ ರಜೆ ಇರಲಿಲ್ಲ. ಫೋನಿನಲ್ಲಿ ಆಗುವುದಿಲ್ಲವೇ, ಯಾರ ಹೆಸರಿನಲ್ಲಿ ಬರೆಸುವುದು, ಆಗ ಈ ಗದ್ದೆ ಯಾರ ಪಾಲಿಗೆ ಹೋಗಿರುತ್ತದೆ ಎಂದೆಲ್ಲ ಕೇಳತೊಡಗಿದ. ಅತ್ತೆ ಬಾಳೆ ಎಲೆ ಎತ್ತುತ್ತಿದ್ದವರು ನಿಂತು, ಹೆಸರು ಆ ಪುಣೆಯ ಮಗುವಿನದು, ಗದ್ದೆ ಯಾರದ್ದಾದರೂ ಆಟ ಇಲ್ಲೇ, ಪ್ರಸಂಗ ಮಾತ್ರ ಈ ಸಲದ್ದು ಬೇಡ, ಎರಡನೇ ವೇಷ ಚೂರೂ ಕುಣಿಯಲಿಲ್ಲ ಎಂದು ಹೇಳಿ ಎಲೆಗಳನ್ನು ದನದ ಕೊಟ್ಟಿಗೆಗೆ ತೆಗೆದುಕೊಂಡು ಹೋದರು.